ಕಚೇರಿಯ ದೂರವಾಣಿಗೆ ಹೊರಲೈನ್‌ಗಳು ಎಷ್ಟು ಬೇಕು?

ಕಚೇರಿಯ ದೂರವಾಣಿ ವ್ಯವಸ್ಥೆಯ ಬಗ್ಗೆ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರಲೈನ್‌ಗಳಿಗೆ, ಅಂದರೆ ಕಚೇರಿಯೊಳಗಿನ ಫೋನುಗಳನ್ನೆಲ್ಲ ಜೋಡಿಸುವ ಇಪಿಎಬಿಎಕ್ಸ್ ಯಂತ್ರವನ್ನು ಹೊರಗಿನ ದೂರವಾಣಿ ಜಾಲಕ್ಕೆ ಜೋಡಿಸುವ ಲೈನ್‌ಗಳಿಗೆ ಸಂಬಂಧಿಸಿದವು. ಮಾರಾಟಗಾರರು ಇವನ್ನೇ ಟ್ರಂಕ್ ಎಂದು ಕರೆಯುತ್ತಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ನಲವತ್ತು ಮಂದಿ ಇದ್ದೇವೆ. ಹೊಸ ಇಪಿಎಬಿಎಕ್ಸ್ ಹಾಕಿಸುವ ಮುನ್ನ ಇಬ್ಬರು ಮಾರಾಟಗಾರರನ್ನು ವಿಚಾರಿಸಿದೆವು. ನಾಲ್ಕು ಜನರಿಗೊಂದರಂತೆ ಹತ್ತು ಲೈನ್ ಬೇಕೆಂದು ಒಬ್ಬರು ಹೇಳಿದರೆ, ಆರು ಧಾರಾಳವಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ ಎಂದು ನಾವು ತೀರ್ಮಾನಿಸುವುದು ಹೇಗೆ? — ಒಬ್ಬ ಆಡಳಿತಾಧಿಕಾರಿ

ಉತ್ತರ: ಇಬ್ಬರೂ ಹೇಳಿರುವುದು ತಲೆಯೆಣಿಕೆಯ ಲೆಕ್ಕವಾದ್ದರಿಂದ ಸದ್ಯಕ್ಕೆ ಎರಡನ್ನೂ ಬದಿಗಿಡಿ. ನಲವತ್ತು ಮಂದಿ ನಕ್ಷೆ ಬರೆಯುವ ಕಚೇರಿಗೆ ನಾಲ್ಕು ಲೈನ್ ಸಾಕಾಗಬಹುದು. ನಲವತ್ತು ಮಂದಿ ಫೋನಿನಲ್ಲೇ ಬುಕಿಂಗ್ ತೆಗೆದುಕೊಳ್ಳುವ ಕಚೇರಿಗೆ ಇಪ್ಪತ್ತೂ ಸಾಲದೆ ಹೋಗಬಹುದು. ಲೈನ್‌ಗಳ ಸಂಖ್ಯೆಯನ್ನು ನಿರ್ಧರಿಸುವುದು ದಿನದ ಅತ್ಯಂತ ದಟ್ಟಣೆಯ ಒಂದು ಗಂಟೆಯಲ್ಲಿ ನಿಮ್ಮ ಹೊರಲೈನ್‌ಗಳೆಲ್ಲ ಸೇರಿ ಎಷ್ಟು ನಿಮಿಷ ಬಳಕೆಯಲ್ಲಿರುತ್ತವೆ ಎಂಬ ಒಂದೇ ಅಂಕಿ. ಅದನ್ನು ಅಳೆಯುವ ಸಾಧನ ಬಹುತೇಕ ನಿಮ್ಮ ಈಗಿನ ಯಂತ್ರದಲ್ಲೇ ಇದೆ.

ಇಪಿಎಬಿಎಕ್ಸ್ ಪ್ರತಿಯೊಂದು ಕರೆಗೂ ಒಂದು ಸಾಲು ದಾಖಲೆ ಬರೆಯುತ್ತದೆ: ಕರೆ ಆರಂಭವಾದ ಹೊತ್ತು, ಎಕ್ಸ್‌ಟೆನ್ಷನ್ ಸಂಖ್ಯೆ, ಬಳಸಿದ ಹೊರಲೈನಿನ ಸಂಖ್ಯೆ, ಕರೆಯ ಅವಧಿ. ಕನಿಷ್ಠ ಎರಡು ವಾರಗಳ ದಾಖಲೆಯನ್ನು, ತಿಂಗಳ ಕೊನೆಯ ಅಥವಾ ನಿಮ್ಮ ವ್ಯವಹಾರಕ್ಕೆ ಹೆಚ್ಚು ಕೆಲಸವಿರುವ ದಿನಗಳು ಅದರಲ್ಲಿ ಸೇರುವಂತೆ ನೋಡಿಕೊಂಡು, ಹೊರತೆಗೆಯಿರಿ. ಒಳಬಂದ ಮತ್ತು ಹೊರಹೋದ ಕರೆಗಳನ್ನು ಒಟ್ಟಿಗೇ ಇಟ್ಟು ಗಂಟೆ ಗಂಟೆಗೂ ಕೂಡಿಸುತ್ತಾ ಹೋದರೆ ಎಲ್ಲಕ್ಕಿಂತ ಭಾರವಾದ ಗಂಟೆ ಯಾವುದೆಂದು ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಲ್ಲಿನಲ್ಲಿ ಕಾಣುವ ಅವಧಿ ಮಾತುಕತೆಯದ್ದು ಮಾತ್ರ. ಆದರೆ ಲೈನ್ ಬಳಕೆಗೆ ಸಿಕ್ಕಿಬೀಳುವುದು ಅದಕ್ಕಿಂತ ಮೊದಲೇ: ಸಂಖ್ಯೆ ಒತ್ತುವ ಹೊತ್ತು, ಗಂಟೆ ಬಾರಿಸುವ ಹೊತ್ತು, ಸ್ವಾಗತದ ಮುದ್ರಿತ ಧ್ವನಿ, ಹೋಲ್ಡ್‌ನಲ್ಲಿಟ್ಟ ನಿಮಿಷಗಳು, ವಾಯ್ಸ್‌ಮೇಲ್‌ನಲ್ಲಿ ಸಂದೇಶ ಬಿಡುವ ಸಮಯ, ಇವೆಲ್ಲವೂ ಲೈನಿನ ಲೆಕ್ಕಕ್ಕೆ ಸೇರಬೇಕು. ಯಾರೂ ಎತ್ತದ ಕರೆಯೂ ಗಂಟೆ ಬಾರಿಸಿದಷ್ಟು ಹೊತ್ತು ಒಂದು ಲೈನನ್ನು ತಡೆದಿರುತ್ತದೆ.

ನಿಮ್ಮ ಭಾರದ ಗಂಟೆಯಲ್ಲಿ 45 ಕರೆಗಳು, ತಲಾ ಸರಾಸರಿ 4 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 180 ನಿಮಿಷ, ಅಂದರೆ 3 ಗಂಟೆ. ಒಂದು ಲೈನ್ ಒಂದು ಗಂಟೆ ಪೂರ್ತಿ ಬಳಕೆಯಲ್ಲಿದ್ದರೆ ಆ ಹೊರೆಯನ್ನು ಒಂದು ಎರ್ಲಾಂಗ್ ಎನ್ನುತ್ತಾರೆ. ನಿಮ್ಮ ಹೊರೆ 3 ಎರ್ಲಾಂಗ್. ಹಾಗಾದರೆ ಮೂರು ಲೈನ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕರೆಗಳು ಒಂದು ಮುಗಿದ ಮೇಲೆ ಇನ್ನೊಂದು ಬರುವಂತಿದ್ದರೆ ಖಂಡಿತ ಸಾಕಾಗುತ್ತಿತ್ತು. ಆದರೆ ಕರೆ ಮಾಡುವವರು ಒಬ್ಬರಿಗೊಬ್ಬರು ತಿಳಿಸಿ ಮಾಡುವುದಿಲ್ಲವಾದ್ದರಿಂದ ಹತ್ತು ನಿಮಿಷ ಒಂದೂ ಇಲ್ಲದೆ, ಆಮೇಲೆ ಮೂರೇ ನಿಮಿಷದಲ್ಲಿ ಏಳು ಕರೆಗಳು ಒಟ್ಟಿಗೆ ಬಂದುಬಿಡುತ್ತವೆ. 3 ಎರ್ಲಾಂಗ್ ಹೊರೆಗೆ ಮೂರೇ ಲೈನ್ ಇದ್ದರೆ ಆ ಗಂಟೆಯ ಪ್ರತಿ ನೂರು ಕರೆಗಳಲ್ಲಿ ಸುಮಾರು 35 ಕರೆಗಳಿಗೆ ಲೈನ್ ಸಿಗುವುದಿಲ್ಲ. ಐದು ಲೈನ್ ಇದ್ದರೆ ಸಿಗದವು 11, ಆರಿದ್ದರೆ 5, ಏಳಿದ್ದರೆ 2ಕ್ಕಿಂತ ತುಸು ಹೆಚ್ಚು. ಎಂಟು ಲೈನ್ ಆದಾಗ ಮಾತ್ರ ಇದು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ.

ಈ ಅಂಕಿಗಳು ಯಾರದೋ ಊಹೆಯಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದಿಂದ ಬಂದವು. ಮೇಲಿನ ಅಳತೆಯ ಮಾನಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಎರ್ಲಾಂಗ್ ಬಿ ಎಂಬ ಹೆಸರಿನಲ್ಲಿ ಈ ಸೂತ್ರದ ಸಿದ್ಧ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅದರ ಒಂದು ಗುಣ ಕಚೇರಿಗಳಿಗೆ ಬಹಳ ಅನುಕೂಲಕರ: ಕೆಲವು ಕರೆಗಳು ಅರ್ಧ ನಿಮಿಷದವು, ಕೆಲವು ಅರ್ಧ ಗಂಟೆಯವು ಎಂಬ ಏರುಪೇರು ಅದಕ್ಕೆ ಅಡ್ಡಿಯಾಗುವುದಿಲ್ಲ, ಸರಾಸರಿ ಅವಧಿಯೊಂದು ಸರಿಯಿದ್ದರೆ ಉತ್ತರ ಸರಿಯಿರುತ್ತದೆ. ಸಾಮಾನ್ಯ ಕಚೇರಿಗೆ ನೂರಕ್ಕೆ ಒಂದು ಕರೆ ತಪ್ಪುವ ಮಟ್ಟವನ್ನು ಗುರಿಯಾಗಿಟ್ಟುಕೊಳ್ಳುವುದು ವಾಡಿಕೆ, ನನ್ನ ಸಲಹೆಯೂ ಅದೇ.

ಆದ್ದರಿಂದ ನಿಮ್ಮ ಹೊರೆ ನಿಜಕ್ಕೂ 3 ಎರ್ಲಾಂಗ್ ಆಗಿದ್ದರೆ ಇಂದಿಗೆ ಎಂಟು ಲೈನ್ ಬೇಕು. ಹೊರೆ ಶೇಕಡ 20ರಷ್ಟು ಬೆಳೆದು 3.6 ಆದರೆ ಒಂಬತ್ತು ಸಾಕು. ಬೆಳವಣಿಗೆಗೆಂದು ಈಗಲೇ ಲೈನ್‌ಗಳನ್ನು ತೆಗೆದುಕೊಂಡು ಬಾಡಿಗೆ ಕಟ್ಟುತ್ತಾ ಕೂರುವ ಬದಲು, ಯಂತ್ರದಲ್ಲಿ ಹೊರಲೈನ್ ಕಾರ್ಡಿಗೆ ಖಾಲಿ ಜಾಗ ಇರುವಂತೆ ನೋಡಿಕೊಳ್ಳಿ. ಕಾರ್ಡುಗಳು ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು ಪೋರ್ಟ್‌ಗಳ ಗುಂಪಿನಲ್ಲಿ ಬರುತ್ತವೆ. ಎಂಟು ಲೈನಿನ ಮೇಲೆ ಒಂಬತ್ತನೆಯದಕ್ಕೆ ಹೊಸ ಯಂತ್ರವನ್ನೇ ಕೊಳ್ಳಬೇಕಾದ ಸ್ಥಿತಿ ಬರಬಾರದು.

ಪ್ರಶ್ನೆ: ನಮ್ಮಲ್ಲಿ ಐದು ಲೈನ್‌ಗಳಿವೆ. ಲೈನ್ ಸಿಗುತ್ತಿಲ್ಲವೆಂದು ಗ್ರಾಹಕರು ಯಾರೂ ದೂರಿಲ್ಲ. ಕರೆಗಳ ದಾಖಲೆಯಲ್ಲೂ ತಪ್ಪಿದ ಕರೆಗಳು ಬಹಳ ಕಡಿಮೆ. ಆದರೂ ಲೈನ್ ಹೆಚ್ಚಿಸಬೇಕೆಂದು ನಮ್ಮ ಆಪರೇಟರ್ ಒತ್ತಾಯಿಸುತ್ತಾರೆ. ಇದು ಅಗತ್ಯವೇ? — ಸಣ್ಣ ಸಂಸ್ಥೆಯೊಂದರ ವ್ಯವಸ್ಥಾಪಕರು

ಉತ್ತರ: ನಿಮ್ಮ ಆಪರೇಟರ್ ಹೇಳುವುದನ್ನು ದಯವಿಟ್ಟು ಗಂಭೀರವಾಗಿ ಪರಿಗಣಿಸಿ, ಏಕೆಂದರೆ ಐದೂ ಲೈನ್‌ಗಳ ದೀಪ ಒಟ್ಟಿಗೆ ಉರಿಯುವುದನ್ನು ದಿನವಿಡೀ ಕಣ್ಣಾರೆ ನೋಡುವವರು ಅವರೊಬ್ಬರೇ. ಎಲ್ಲ ಲೈನ್‌ಗಳು ಬಳಕೆಯಲ್ಲಿರುವಾಗ ಬರುವ ಕರೆಯನ್ನು ದೂರವಾಣಿ ಕಂಪನಿಯ ಎಕ್ಸ್‌ಚೇಂಜ್ ಅಲ್ಲಿಂದಲೇ ಹಿಂದಿರುಗಿಸುತ್ತದೆ. ಕರೆ ಮಾಡಿದವರಿಗೆ ಎಂಗೇಜ್ ಟೋನ್ ಕೇಳಿಸುತ್ತದೆ, ಆದರೆ ನಿಮ್ಮ ಯಂತ್ರಕ್ಕೆ ಅಂಥದೊಂದು ಕರೆ ಬಂದಿತ್ತೆಂಬ ಸುಳಿವೇ ಇರುವುದಿಲ್ಲ. ನಿಮ್ಮ ದಾಖಲೆಯಲ್ಲಿರುವ ತಪ್ಪಿದ ಕರೆಗಳು ಗಂಟೆ ಬಾರಿಸಿಯೂ ಯಾರೂ ಎತ್ತದವು. ಬಾಗಿಲಿನಿಂದಾಚೆಯೇ ತಿರುಗಿ ಹೋದವು ಅದರಲ್ಲಿಲ್ಲ. ದೂರು ಕೊಡಬೇಕಾದವರೂ ಅದೇ ಫೋನಿಗೆ ಕರೆ ಮಾಡಬೇಕಾದವರು.

ಇದನ್ನು ಪರೀಕ್ಷಿಸಲು ಒಂದು ಹಾಳೆ ಸಾಕು. ಎಡದಿಂದ ಬಲಕ್ಕೆ ಅರವತ್ತು ನಿಮಿಷಗಳನ್ನು ಗುರುತಿಸಿ, ಒಂದರ ಕೆಳಗೊಂದರಂತೆ ಐದು ಲೈನ್‌ಗಳಿಗೆ ಐದು ಗೆರೆ ಎಳೆಯಿರಿ. ದಾಖಲೆಯಲ್ಲಿರುವ ಪ್ರತಿ ಕರೆಯನ್ನೂ ಅದು ಬಳಸಿದ ಲೈನಿನ ಮೇಲೆ, ಆರಂಭವಾದ ನಿಮಿಷದಿಂದ ಮುಗಿದ ನಿಮಿಷದವರೆಗೆ ದಪ್ಪಗೆ ತೀಡಿ. ಆಮೇಲೆ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಸರಿಸುತ್ತಾ, ಐದೂ ಗೆರೆಗಳು ಒಟ್ಟಿಗೆ ದಪ್ಪಗಿರುವ ಜಾಗಗಳನ್ನು ಕೂಡಿಸಿ. ಅಂಥ ನಿಮಿಷಗಳು ಗಂಟೆಯಲ್ಲಿ ಆರು ಸಿಕ್ಕರೆ, ಆ ಗಂಟೆಯಲ್ಲಿ ಕರೆ ಮಾಡಲು ಯತ್ನಿಸಿದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಎಂಗೇಜ್ ಟೋನ್ ಕೇಳಿಸಿದೆ ಎಂದು ತಿಳಿಯಬೇಕು. ಹೀಗೆ ಐದಾರು ದಿನಗಳ ಭಾರದ ಗಂಟೆಗಳನ್ನು ಬರೆದು ನೋಡಿದರೆ ವಾದಕ್ಕೆ ಎಡೆಯಿರುವುದಿಲ್ಲ. ಕೆಲವು ಯಂತ್ರಗಳು ಎಲ್ಲ ಲೈನ್ ತುಂಬಿದ ಹೊತ್ತನ್ನು ತಾವೇ ಎಣಿಸಿಡುತ್ತವೆ, ಕೈಪಿಡಿಯಲ್ಲಿ ಅದನ್ನೊಮ್ಮೆ ಹುಡುಕಿ. ನಿಮ್ಮ ದೂರವಾಣಿ ಕಂಪನಿಯಲ್ಲೂ ವಿಚಾರಿಸಿ. ಲೈನ್ ಸಿಗದೆ ಹಿಂದಿರುಗಿದ ಕರೆಗಳ ಲೆಕ್ಕ ಇರುವುದಾದರೆ ಅದು ಅವರ ಎಕ್ಸ್‌ಚೇಂಜ್‌ನಲ್ಲೇ.

ಇನ್ನೊಂದು ಮಾತು. ಲೈನ್‌ಗಳು ಸಾಲದೆ ಇರುವಾಗ ತೆಗೆದ ದಾಖಲೆ ನಿಜವಾದ ಹೊರೆಯನ್ನು ಕಡಿಮೆ ತೋರಿಸುತ್ತದೆ. ಐದು ಲೈನಿನ ಮೇಲೆ 3 ಎರ್ಲಾಂಗ್ ಹೊರೆ ಬಿದ್ದರೆ ಒಳಗೆ ಬರುವುದು 2.67 ಮಾತ್ರ, ಉಳಿದದ್ದು ಹೊರಗೇ ಉಳಿಯುತ್ತದೆ. ದಾಖಲೆಯ ಅಂಕಿಯನ್ನೇ ನಂಬಿ ಯೋಜಿಸಿದರೆ ಹೊಸ ವ್ಯವಸ್ಥೆಯೂ ಮೊದಲ ದಿನದಿಂದಲೇ ಬಿಗಿಯಾಗಿರುತ್ತದೆ. ಹಾಗಾಗಿ ಮೊದಲು ಒಂದೆರಡು ಲೈನ್ ಸೇರಿಸಿ, ಒಂದು ತಿಂಗಳ ನಂತರ ಮತ್ತೆ ಅಳೆದು ನೋಡಿ.

ಪ್ರಶ್ನೆ: ಮಾರಾಟ ವಿಭಾಗಕ್ಕೂ ಸೇವಾ ವಿಭಾಗಕ್ಕೂ ಬೇರೆ ಬೇರೆ ಲೈನ್‌ಗಳನ್ನು ಕೊಟ್ಟರೆ ಜಗಳವಿರುವುದಿಲ್ಲ ಎಂದು ನಮ್ಮ ನಿರ್ದೇಶಕರ ಅಭಿಪ್ರಾಯ. ಇದು ಒಳ್ಳೆಯದೇ?

ಉತ್ತರ: ಲೈನ್‌ಗಳ ದೃಷ್ಟಿಯಿಂದ ಇದು ನಷ್ಟದ ಏರ್ಪಾಡು. ಎರಡೂ ವಿಭಾಗಗಳಿಗೆ ತಲಾ 3 ಎರ್ಲಾಂಗ್ ಹೊರೆಯಿದ್ದರೆ, ಬೇರೆ ಬೇರೆ ಗುಂಪುಗಳಾದಾಗ ಎಂಟೆಂಟು ಸೇರಿ ಹದಿನಾರು ಲೈನ್ ಬೇಕಾಗುತ್ತವೆ. ಎರಡನ್ನೂ ಕೂಡಿಸಿ 6 ಎರ್ಲಾಂಗ್‌ನ ಒಂದೇ ಗುಂಪು ಮಾಡಿದರೆ ಅದೇ ಗುಣಮಟ್ಟಕ್ಕೆ ಹದಿಮೂರು ಸಾಕು. ಒಂದು ವಿಭಾಗದ ಲೈನ್‌ಗಳು ಖಾಲಿ ಬಿದ್ದಿರುವಾಗ ಪಕ್ಕದ ವಿಭಾಗಕ್ಕೆ ಕರೆ ಮಾಡಿದವರು ಎಂಗೇಜ್ ಟೋನ್ ಕೇಳುವುದು ಯಾರಿಗೂ ಹಿತವಲ್ಲ. ವಿಭಾಗಕ್ಕೊಂದು ಪ್ರತ್ಯೇಕ ಸಂಖ್ಯೆ ಇರಬೇಕೆಂಬುದು ನಿರ್ದೇಶಕರ ಉದ್ದೇಶವಾಗಿದ್ದರೆ ಅದಕ್ಕೆ ಲೈನ್‌ಗಳನ್ನು ಹಂಚಬೇಕಾಗಿಲ್ಲ. ಡಿಐಡಿ, ಅಂದರೆ ಹೊರಗಿನವರು ಒಂದು ಎಕ್ಸ್‌ಟೆನ್ಷನ್‌ಗೆ ನೇರವಾಗಿ ಕರೆ ಮಾಡುವ ಸೌಲಭ್ಯ, ಪಡೆದರೆ ನೂರು ಸಂಖ್ಯೆಗಳು ಹದಿಮೂರು ಲೈನ್‌ಗಳ ಮೇಲೆಯೇ ಬಂದು ತಮ್ಮ ತಮ್ಮ ಎಕ್ಸ್‌ಟೆನ್ಷನ್ ಸೇರುತ್ತವೆ. ಸಂಖ್ಯೆಗಳೆಷ್ಟು ಬೇಕು ಮತ್ತು ಲೈನ್‌ಗಳೆಷ್ಟು ಬೇಕು ಎಂಬುದನ್ನು ಎರಡು ಬೇರೆ ಪ್ರಶ್ನೆಗಳಾಗಿ ಇಟ್ಟುಕೊಳ್ಳಿ. ಒಂದು ವಿಭಾಗ ಎಲ್ಲವನ್ನೂ ಕಬಳಿಸುವ ಭಯವಿದ್ದರೆ, ಒಂದು ವಿಭಾಗದ ಹೊರಹೋಗುವ ಕರೆಗಳು ಏಕಕಾಲದಲ್ಲಿ ಇಷ್ಟನ್ನು ಮೀರಬಾರದೆಂಬ ಮಿತಿಯನ್ನು ಹಲವು ಯಂತ್ರಗಳಲ್ಲಿ ಹಾಕಬಹುದು.

ಪ್ರಶ್ನೆ: ನಮ್ಮದು ಆರು ಲ್ಯಾಂಡ್‌ಲೈನ್‌ಗಳ ಹಂಟಿಂಗ್ ಗುಂಪು. ರಿಂಗ್ ಆಗುತ್ತಲೇ ಇದೆ, ಯಾರೂ ಎತ್ತುವುದಿಲ್ಲ ಎಂದು ಹಲವರು ದೂರುತ್ತಾರೆ. ಆ ಹೊತ್ತಿನಲ್ಲಿ ಯಾವ ರಿಂಗೂ ಕೇಳಿಸಲಿಲ್ಲವೆಂದು ರಿಸೆಪ್ಷನ್‌ನಲ್ಲಿ ಕೂರುವವರು ಹೇಳುತ್ತಾರೆ. ಇಬ್ಬರಲ್ಲಿ ಯಾರದು ತಪ್ಪು?

ಉತ್ತರ: ಇಬ್ಬರದೂ ಅಲ್ಲ, ಇಬ್ಬರೂ ನಿಜ ಹೇಳುತ್ತಿದ್ದಾರೆ. ಮುಖ್ಯ ಸಂಖ್ಯೆಗೆ ಕರೆ ಬಂದಾಗ ಎಕ್ಸ್‌ಚೇಂಜ್ ಒಂದನೇ ಲೈನ್ ನೋಡುತ್ತದೆ, ಅದು ಬಳಕೆಯಲ್ಲಿದ್ದರೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಮುಂದುವರಿಯುತ್ತದೆ. ಮೂರನೆಯ ಲೈನಿನ ತಂತಿ ನಿಮ್ಮ ಕಟ್ಟಡದ ವಿತರಣಾ ಪೆಟ್ಟಿಗೆಯಲ್ಲಿ ಕಳಚಿದೆ ಎಂದುಕೊಳ್ಳಿ. ಎಕ್ಸ್‌ಚೇಂಜಿಗೆ ಆ ಲೈನ್ ರಿಸೀವರ್ ಇಟ್ಟಿರುವ, ಬಿಡುವಾಗಿರುವ ಲೈನಿನಂತೆಯೇ ಕಾಣುತ್ತದೆ. ಒಂದು ಮತ್ತು ಎರಡು ತುಂಬಿರುವಾಗ ಬರುವ ಪ್ರತಿಯೊಂದು ಕರೆಯನ್ನೂ ಅದು ಮೂರಕ್ಕೆ ಕಳಿಸಿ ಅಲ್ಲೇ ರಿಂಗ್ ಬಾರಿಸುತ್ತಾ ನಿಲ್ಲುತ್ತದೆ. ನಾಲ್ಕು, ಐದು, ಆರು ಖಾಲಿಯಿದ್ದರೂ ಅವುಗಳ ಸರದಿ ಬರುವುದೇ ಇಲ್ಲ. ಒಂದು ಕೆಟ್ಟ ಲೈನ್ ಹೀಗೆ ನಾಲ್ಕು ಲೈನ್‌ಗಳನ್ನು ನಿಷ್ಪ್ರಯೋಜಕ ಮಾಡಿಬಿಡುತ್ತದೆ, ಮತ್ತು ದಟ್ಟಣೆ ಇಲ್ಲದ ಹೊತ್ತಿನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ.

ಗುಂಪಿನ ಪ್ರತಿಯೊಂದು ಲೈನಿಗೂ ತನ್ನದೇ ಸಂಖ್ಯೆ ಇರುತ್ತದೆ. ಆರು ಸಂಖ್ಯೆಗಳ ಪಟ್ಟಿ ತರಿಸಿಕೊಂಡು, ಲೈನ್‌ಗಳೆಲ್ಲ ಬಿಡುವಾಗಿರುವಾಗ ಮೊಬೈಲಿನಿಂದ ಒಂದೊಂದಕ್ಕೂ ಕರೆ ಮಾಡಿ, ಆಪರೇಟರ್ ಫಲಕದಲ್ಲಿ ಅದೇ ಲೈನಿನ ದೀಪ ಹತ್ತುತ್ತದೆಯೇ ನೋಡಿ. ಇದನ್ನು ತಿಂಗಳಿಗೊಮ್ಮೆ ಮಾಡುವ ಕೆಲಸವಾಗಿ ಯಾರಿಗಾದರೂ ವಹಿಸಿಕೊಡಿ. ಕೆಟ್ಟ ಲೈನ್ ಸಿಕ್ಕಿದರೆ ದುರಸ್ತಿಯಾಗುವವರೆಗೆ ಅದನ್ನು ಹಂಟಿಂಗ್‌ನಿಂದ ಹೊರಗಿಡುವಂತೆ ಕಂಪನಿಗೆ ತಿಳಿಸಬೇಕು; ನಿಮ್ಮ ಯಂತ್ರದಲ್ಲಿ ಆ ಪೋರ್ಟನ್ನು ನಿಷ್ಕ್ರಿಯಗೊಳಿಸಿದರೆ ಹೊರಹೋಗುವ ಕರೆಗಳಿಗೆ ಮಾತ್ರ ಪರಿಹಾರ ಸಿಗುತ್ತದೆ, ಒಳಬರುವ ಕರೆಗಳಿಗಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಹೊಂದಾಣಿಕೆಯನ್ನೂ ಪರಿಶೀಲಿಸಿ. ಒಳಬರುವ ಕರೆಗಳು ಒಂದರಿಂದ ಆರರ ಕಡೆಗೆ ಹುಡುಕುತ್ತಾ ಬರುವುದರಿಂದ, ಹೊರಹೋಗುವ ಕರೆಗಳಿಗೆ ಯಂತ್ರ ಆರರಿಂದ ಒಂದರ ಕಡೆಗೆ ಲೈನ್ ಹುಡುಕುವಂತಿರಬೇಕು. ಎರಡೂ ಒಂದೇ ತುದಿಯಿಂದ ಶುರುವಾದರೆ, ನಿಮ್ಮವರು ಹೊರಗೆ ಕರೆ ಮಾಡಲು ಲೈನ್ ಹಿಡಿದ ಕ್ಷಣದಲ್ಲೇ ಹೊರಗಿನ ಕರೆಯೂ ಅದೇ ಲೈನಿಗೆ ಬಂದು, ಸಂಬಂಧವಿಲ್ಲದ ಇಬ್ಬರು ಪರಸ್ಪರ ಹಲೋ ಎನ್ನುವ ಗೊಂದಲ ಉಂಟಾಗುತ್ತದೆ.

ಪ್ರಶ್ನೆ: ಗ್ರಾಹಕರ ಸಹಾಯಕ್ಕೆಂದು ಆರು ಮಂದಿಯನ್ನು ಫೋನಿನ ಮುಂದೆ ಕೂರಿಸುತ್ತಿದ್ದೇವೆ. ಕೂರುವವರು ಆರು ಮಂದಿಯಾದ್ದರಿಂದ ಆರು ಲೈನ್ ಸಾಕಲ್ಲವೇ? ಖರ್ಚು ಕಡಿಮೆ ಮಾಡಲು ಐದು ಮಂದಿಯಾದರೆ ಐದು ಲೈನ್ ಎಂದು ಯೋಚಿಸಿದ್ದೇವೆ. — ಸೇವಾ ವಿಭಾಗದ ಮುಖ್ಯಸ್ಥರು

ಉತ್ತರ: ಆರು ಮಂದಿಗೆ ಆರೇ ಲೈನ್ ಕೊಟ್ಟರೆ ಏಳನೆಯವರಿಗೆ ಸರದಿಯಲ್ಲಿ ಕಾಯುವ ಅವಕಾಶವೇ ಇರುವುದಿಲ್ಲ, ಅವರಿಗೆ ನೇರವಾಗಿ ಎಂಗೇಜ್ ಟೋನ್. ಕಾಯುವವರೂ ತಲಾ ಒಂದು ಲೈನ್ ಬಳಸುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಚಿತ್ರ ಬದಲಾಗುತ್ತದೆ, ಮತ್ತು ಐದು ಮಂದಿಯ ಯೋಜನೆಯ ಪರಿಣಾಮ ನೀವು ಎಣಿಸಿದ್ದಕ್ಕೆ ತದ್ವಿರುದ್ಧವಾಗುತ್ತದೆ.

ಗಂಟೆಗೆ 60 ಕರೆ, ತಲಾ 4 ನಿಮಿಷ ಮಾತು ಎಂದುಕೊಂಡರೆ ಮಾತಿನ ಹೊರೆಯೇ 4 ಎರ್ಲಾಂಗ್. ಸರದಿಯ ಲೆಕ್ಕಕ್ಕೆ ಎರ್ಲಾಂಗ್ ಅವರದೇ ಇನ್ನೊಂದು ಸೂತ್ರವಿದೆ, ಅದನ್ನು ಎರ್ಲಾಂಗ್ ಸಿ ಎನ್ನುತ್ತಾರೆ. ಅದರ ಪ್ರಕಾರ ಆರು ಮಂದಿ ಉತ್ತರಿಸುವಾಗ ನೂರರಲ್ಲಿ ಸುಮಾರು 28 ಜನ ಕಾಯಬೇಕಾಗುತ್ತದೆ, ಎಲ್ಲ ಕರೆಗಳ ಮೇಲೆ ಹಂಚಿದರೆ ಸರಾಸರಿ ಕಾಯುವಿಕೆ 34 ಸೆಕೆಂಡು. ಐದೇ ಮಂದಿ ಇದ್ದರೆ ನೂರರಲ್ಲಿ 55 ಜನ ಕಾಯುತ್ತಾರೆ, ಸರಾಸರಿ 133 ಸೆಕೆಂಡಿಗೆ ಏರುತ್ತದೆ. ಈ ಕಾಯುವಿಕೆಯನ್ನೂ, ಆರಂಭದ 20 ಸೆಕೆಂಡಿನ ಮುದ್ರಿತ ಸ್ವಾಗತವನ್ನೂ ಸೇರಿಸಿದರೆ ಲೈನ್‌ಗಳ ಮೇಲಿನ ಹೊರೆ ಆರು ಮಂದಿಯಿದ್ದಾಗ ಸುಮಾರು 4.9 ಎರ್ಲಾಂಗ್, ಐದು ಮಂದಿಯಿದ್ದಾಗ 6.55. ನೂರಕ್ಕೊಂದು ಕರೆ ತಪ್ಪುವ ಮಟ್ಟಕ್ಕೆ ಮೊದಲನೆಯದಕ್ಕೆ 11 ಲೈನ್, ಎರಡನೆಯದಕ್ಕೆ 13 ಲೈನ್ ಎಂಬುದು ಸಮೀಪದ ಅಂದಾಜು. ಒಬ್ಬರನ್ನು ಕಡಿಮೆ ಮಾಡಿದ್ದರಿಂದ ಎರಡು ಲೈನ್ ಹೆಚ್ಚು ಬೇಕಾದವು, ಕಾಯುವವರಿಗೆ ಬೇಸರ ಬೇರೆ. ಸ್ವಾಗತದ ಧ್ವನಿಯನ್ನು ಚಿಕ್ಕದು ಮಾಡಿದರೆ ಯಾವ ಖರ್ಚೂ ಇಲ್ಲದೆ ಲೈನ್‌ಗಳ ಹೊರೆ ತುಸು ಇಳಿಯುತ್ತದೆ ಎಂಬುದನ್ನೂ ಗಮನಿಸಿ.

ಪ್ರಶ್ನೆ: ತಂತಿಯ ಲೈನ್‌ಗಳನ್ನು ಬಿಟ್ಟು ಇಂಟರ್‌ನೆಟ್ ಮೂಲಕ ಬರುವ ಸಿಪ್ ಟ್ರಂಕ್‌ಗೆ ಹೋಗುವಂತೆ ಸಲಹೆ ಬಂದಿದೆ. ಅದರಲ್ಲಿ ಲೈನ್‌ಗಳಿಗೆ ಮಿತಿಯೇ ಇಲ್ಲವಂತೆ. ಹಾಗಿದ್ದರೆ ಈ ಲೆಕ್ಕಾಚಾರವೆಲ್ಲ ಇನ್ನು ಬೇಡವೇ?

ಉತ್ತರ: ಬೇಕು, ಆದರೆ ಮಿತಿ ಇರುವ ಜಾಗ ಬದಲಾಗುತ್ತದೆ. ತಾಮ್ರದ ತಂತಿಯಲ್ಲಿ ಒಂದು ಜೋಡಿಗೆ ಒಂದು ಕರೆ. ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನಾದ ಪಿಆರ್‌ಐ ಸಂಪರ್ಕದಲ್ಲಿ ಇ1 ಮಾದರಿಯಾದರೆ 30 ಕರೆ, ಟಿ1 ಮಾದರಿಯಾದರೆ 23 ಕರೆ. ಹನ್ನೆರಡೇ ಬೇಕಾದರೂ ಒಂದಿಡೀ ಸಂಪರ್ಕವನ್ನು ಎಳೆಸಬೇಕು. ಸಿಪ್‌ನಲ್ಲಿ ಹನ್ನೆರಡು ಬೇಕಾದರೆ ಹನ್ನೆರಡನ್ನೇ ಕೇಳಿ ಪಡೆಯಬಹುದು, ನಾಳೆ ಹದಿನಾಲ್ಕಕ್ಕೆ ಏರಿಸಬಹುದು. ಇದು ನಿಜವಾದ ಅನುಕೂಲ, ಹೊಸದಾಗಿ ಆರಂಭಿಸುವ ಕಚೇರಿಗೆ ನಾನೂ ಇದನ್ನೇ ಸೂಚಿಸುತ್ತೇನೆ. ಆದರೆ ಒಪ್ಪಂದದಲ್ಲಿ ಏಕಕಾಲದ ಕರೆಗಳ ಸಂಖ್ಯೆ ಎಷ್ಟೆಂದು ಬರೆದಿದೆ ನೋಡಿ. ಯಂತ್ರದ ಪರವಾನಗಿಯಲ್ಲೂ ಅಂಥದೇ ಒಂದು ಅಂಕಿ ಇರುತ್ತದೆ. ಇವೆರಡರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಲೈನ್‌ಗಳ ಸಂಖ್ಯೆ.

ಮೂರನೆಯ ಮಿತಿ ನಿಮ್ಮ ಇಂಟರ್‌ನೆಟ್ ಸಂಪರ್ಕ. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ಬದಲಿಸುವ ವಿಧಾನವನ್ನು ಕೋಡೆಕ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿ.711 ಕೋಡೆಕ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೊರಡುವಾಗ ಅದರ ವಿಳಾಸ ಮುಂತಾದ ಹೊದಿಕೆಗಳೂ ಸೇರಿ ಈಥರ್‌ನೆಟ್ ಮೇಲೆ ಇದು ಸುಮಾರು 87 ಕಿಲೋಬಿಟ್ ಆಗುತ್ತದೆ, ಅದೂ ಪ್ರತಿ ದಿಕ್ಕಿಗೆ. ಹನ್ನೆರಡು ಕರೆಗಳಿಗೆ ಹೋಗಲು ಒಂದು ಮೆಗಾಬಿಟ್‌ಗಿಂತ ತುಸು ಹೆಚ್ಚು, ಬರಲು ಅಷ್ಟೇ. ಜಿ.729 ಕೋಡೆಕ್‌ನಲ್ಲಿ ಧ್ವನಿ 8 ಕಿಲೋಬಿಟ್‌ಗೆ ಇಳಿದರೂ ಹೊದಿಕೆಗಳು ಇಳಿಯುವುದಿಲ್ಲವಾದ್ದರಿಂದ ಒಟ್ಟು 31ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂದಿನ ಸಂಪರ್ಕಗಳಿಗೆ ಇವು ದೊಡ್ಡ ಅಂಕಿಗಳಲ್ಲ. ತೊಂದರೆ ಕೊಡುವುದು ಹಂಚಿಕೆ: ಯಾರಾದರೂ ದೊಡ್ಡ ಕಡತ ಅಪ್‌ಲೋಡ್ ಮಾಡಲು ಆರಂಭಿಸಿದೊಡನೆ ಧ್ವನಿಯ ಪ್ಯಾಕೆಟ್‌ಗಳು ಸಾಲಿನಲ್ಲಿ ಹಿಂದೆ ಬಿದ್ದು ಮಾತು ತುಂಡು ತುಂಡಾಗುತ್ತದೆ. ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪುವ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಅಡ್ಡಿಯಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಮಾನದಂಡ. ರೌಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಡಿಸಿ. ಸಾಧ್ಯವಿದ್ದರೆ ದೂರವಾಣಿಗೆ ಪ್ರತ್ಯೇಕ ಸಂಪರ್ಕವನ್ನೇ ಇಟ್ಟುಕೊಳ್ಳಿ. ಒಬ್ಬರ ಮಾತು ಮಾತ್ರ ಕೇಳಿಸಿ ಇನ್ನೊಬ್ಬರದು ಕೇಳಿಸದೆ ಹೋದರೆ ರೌಟರಿನ ಸಿಪ್ ಎಎಲ್‌ಜಿ ಎಂಬ ಆಯ್ಕೆಯನ್ನು ಆಫ್ ಮಾಡಿ ನೋಡುವುದು ಮೊದಲ ಹೆಜ್ಜೆ.

ಪ್ರಶ್ನೆ: ನಮ್ಮ ಹಲವರು ಈಗ ಮನೆಯಿಂದ ಕೆಲಸ ಮಾಡುತ್ತಾರೆ. ಕಚೇರಿಗೆ ಬಂದ ಕರೆಗಳನ್ನು ಅವರ ಮೊಬೈಲಿಗೆ ತಿರುಗಿಸುತ್ತೇವೆ. ಕರೆಗಳ ಸಂಖ್ಯೆ ಮೊದಲಿನಷ್ಟೇ ಇದ್ದರೂ ಲೈನ್‌ಗಳು ಸಾಲದಾಗಿವೆ. ಕಾರಣವೇನು?

ಉತ್ತರ: ತಿರುಗಿಸಿದ ಪ್ರತಿ ಕರೆಯೂ ಎರಡು ಲೈನ್ ಬಳಸುತ್ತದೆ: ಒಳಗೆ ಬರಲು ಒಂದು, ಮೊಬೈಲಿಗೆ ಹೊರಹೋಗಲು ಇನ್ನೊಂದು, ಮತ್ತು ಮಾತು ಮುಗಿಯುವವರೆಗೆ ಎರಡೂ ಬಿಡುಗಡೆಯಾಗುವುದಿಲ್ಲ. ಮೂರು ಹೊರಗಿನವರನ್ನು ಸೇರಿಸಿದ ಕಾನ್ಫರೆನ್ಸ್ ಕರೆ ಮೂರು ಲೈನ್ ಹಿಡಿಯುವುದೂ ಇದೇ ಕಾರಣಕ್ಕೆ. ಮನೆಯಲ್ಲಿರುವವರ ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ನಿಮ್ಮ ಯಂತ್ರದ ಆ್ಯಪ್ ಹಾಕಿ, ಅದನ್ನು ಇಂಟರ್‌ನೆಟ್ ಮೂಲಕ ಕಚೇರಿಯ ಎಕ್ಸ್‌ಟೆನ್ಷನ್ ಆಗಿಯೇ ನೋಂದಾಯಿಸಿದರೆ ಎರಡನೆಯ ಲೈನ್ ಉಳಿಯುತ್ತದೆ. ಅದು ಆಗದಿದ್ದರೆ, ಕರೆ ನಿಮ್ಮಲ್ಲಿಗೆ ಬರುವ ಮೊದಲೇ ತಮ್ಮ ಜಾಲದಲ್ಲಿ ತಿರುಗಿಸುವ ಸೌಲಭ್ಯ ಕಂಪನಿಯಲ್ಲಿದೆಯೇ ಎಂದು ಕೇಳಿ.

ಹೊರಗಿನ ಕರೆಯನ್ನು ಹೊರಗೇ ಜೋಡಿಸುವ ಸೌಲಭ್ಯ ತೆರೆದಿರುವ ಯಂತ್ರಗಳು ವಂಚಕರ ಕಣ್ಣಿಗೆ ಬೇಗ ಬೀಳುತ್ತವೆ. ರಾತ್ರಿಯಲ್ಲಿ ಅಥವಾ ರಜಾದಿನಗಳಲ್ಲಿ ನಿಮ್ಮ ಲೈನ್‌ಗಳ ಮೂಲಕ ದುಬಾರಿ ವಿದೇಶಿ ಸಂಖ್ಯೆಗಳಿಗೆ ಗಂಟೆಗಟ್ಟಲೆ ಕರೆಗಳು ಹೋಗಿ, ಬಿಲ್ಲು ಬಂದ ಮೇಲೆಯೇ ತಿಳಿಯುವುದುಂಟು. ಅಂತರರಾಷ್ಟ್ರೀಯ ಕರೆ ಬೇಕಿಲ್ಲದ ಕಡೆ ಯಂತ್ರದಲ್ಲೂ ಕಂಪನಿಯ ಕಡೆಯಲ್ಲೂ ಅದನ್ನು ಮುಚ್ಚಿಸಿ, ವಾಯ್ಸ್‌ಮೇಲ್ ಮತ್ತು ಎಕ್ಸ್‌ಟೆನ್ಷನ್‌ಗಳ ಮೂಲ ಪಾಸ್‌ವರ್ಡುಗಳನ್ನು ತಪ್ಪದೆ ಬದಲಾಯಿಸಿ.

ಪ್ರಶ್ನೆ: ಎಲ್ಲವನ್ನೂ ಸಿಪ್‌ಗೆ ಬದಲಾಯಿಸಿದ ಮೇಲೆ ಹಳೆಯ ಲ್ಯಾಂಡ್‌ಲೈನ್‌ಗಳನ್ನು ಪೂರ್ತಿ ಹಿಂದಿರುಗಿಸಬಹುದೇ?

ಉತ್ತರ: ಹಿಂದಿರುಗಿಸುವ ಮುನ್ನ ಕಟ್ಟಡದಲ್ಲಿ ಒಮ್ಮೆ ಸುತ್ತಾಡಿ ಆ ಲೈನ್‌ಗಳು ಎಲ್ಲೆಲ್ಲಿಗೆ ಹೋಗಿವೆ ಎಂದು ನೋಡಿ. ಲಿಫ್ಟ್‌ನೊಳಗಿನ ತುರ್ತು ಫೋನ್, ಬೆಂಕಿ ಎಚ್ಚರಿಕೆಯ ಫಲಕ, ಫ್ಯಾಕ್ಸ್ ಯಂತ್ರ, ಇವು ಇಪಿಎಬಿಎಕ್ಸ್ ಮೂಲಕ ಹಾದುಹೋಗದೆ ನೇರವಾಗಿ ಒಂದೊಂದು ಲೈನಿಗೆ ಅಂಟಿಕೊಂಡಿರುತ್ತವೆ, ಆದ್ದರಿಂದ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಫ್ಯಾಕ್ಸ್ ಸಿಪ್ ಮೇಲೆ ಹೋಗಬೇಕಾದರೆ ಎರಡೂ ಕಡೆ ಟಿ.38 ವಿಧಾನಕ್ಕೆ ಬೆಂಬಲ ಇರಬೇಕು. ಲಿಫ್ಟ್ ಮತ್ತು ಬೆಂಕಿ ಎಚ್ಚರಿಕೆಯ ವಿಷಯದಲ್ಲಿ ಆ ಉಪಕರಣ ಹಾಕಿದವರ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಬದಲಾಯಿಸಬೇಡಿ.

ತಾಮ್ರದ ತಂತಿಯ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುವುದರಿಂದ ಕಟ್ಟಡದಲ್ಲಿ ಕರೆಂಟು ಹೋದಾಗಲೂ ಸಾಮಾನ್ಯ ಫೋನ್ ಕೆಲಸ ಮಾಡುತ್ತದೆ. ಸಿಪ್‌ನಲ್ಲಿ ಯಂತ್ರ, ರೌಟರ್, ಸ್ವಿಚ್, ಫೈಬರ್ ಪೆಟ್ಟಿಗೆ, ಮೇಜಿನ ಮೇಲಿನ ಫೋನ್ ಇವೆಲ್ಲಕ್ಕೂ ಯುಪಿಎಸ್ ಬೇಕು; ಒಂದಕ್ಕೆ ಇಲ್ಲದಿದ್ದರೂ ಉಳಿದವುಗಳಿಗೆ ಇದ್ದು ಪ್ರಯೋಜನವಿಲ್ಲ. ಹಾಗಾಗಿ ತಾಮ್ರದ ಒಂದು ಲೈನ್ ನಿಮ್ಮಲ್ಲಿ ಇನ್ನೂ ಸಿಗುವುದಾದರೆ ಅದನ್ನು ಉಳಿಸಿಕೊಂಡು, ಕರೆಂಟು ಹೋದಾಗ ಅದು ತಾನಾಗಿ ಒಂದು ಸಾದಾ ಫೋನಿಗೆ ಜೋಡಣೆಯಾಗುವ ಸೌಲಭ್ಯವನ್ನು ಯಂತ್ರದಲ್ಲಿ ಕೇಳಿ ಪಡೆಯಿರಿ. ಆ ಫೋನನ್ನು ಎಲ್ಲರಿಗೂ ತಿಳಿದಿರುವ ಜಾಗದಲ್ಲಿ ಇಡಬೇಕು. ಲೈನಿನ ಮೇಲೆ ಲ್ಯಾಂಡ್‌ಲೈನ್ ಎಂಬ ಹೆಸರಿದ್ದರೂ ಅದು ನಿಮ್ಮ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯಿಂದ ಹೊರಟಿರಬಹುದು. ಹಾಗಿದ್ದರೆ ಈ ರಕ್ಷಣೆ ಅದಕ್ಕಿಲ್ಲ. ಕಚೇರಿಗೆ ರಜೆಯಿರುವ ದಿನ ಮುಖ್ಯ ಸ್ವಿಚ್ ಆಫ್ ಮಾಡಿ, ಲಿಫ್ಟ್‌ನಲ್ಲಿ ಯಾರೂ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಂಡು, ಆ ಫೋನಿನಿಂದ ಒಂದು ಮೊಬೈಲಿಗೆ ಕರೆ ಮಾಡಿ ನೋಡಿ; ಕರೆ ಹೋಗದಿದ್ದರೆ ಹಳೆಯ ಲೈನ್‌ಗಳನ್ನು ಹಿಂದಿರುಗಿಸುವ ಅರ್ಜಿಯನ್ನು ಅಷ್ಟರಮಟ್ಟಿಗೆ ತಡೆಹಿಡಿಯಿರಿ.